ಗಂಧದ ಗುಡಿಯಲ್ಲಿ ಗಂಧ ಹುಡುಕುತ್ತಾ

ಮೊಬೈಲಿನಲ್ಲಿ ‘ಸ್ಯಾಂಡಲ್‌ವುಡ್’ ಅಂತ ಟೈಪ್ ಮಾಡಿ ನೋಡಿ. ಹೊಸ ಸಿನಿಮಾದ ಟೀಸರ್, ನಟಿಯರ ಫೋಟೋ, ಯಾರದೋ ಮದುವೆ ಸುದ್ದಿ. ಬೆರಳು ನೋಯುವವರೆಗೆ ಸ್ಕ್ರೋಲ್ ಮಾಡಿದ ಮೇಲೆ ಎಲ್ಲೋ ಒಂದು ಕಡೆ ಮರದ ಚಿತ್ರ ಬರಬಹುದು. ನಾಡಿಗೆ ಗಂಧದ ಹೆಸರಿದೆ, ಚಿತ್ರರಂಗಕ್ಕೆ ಗಂಧದ ಹೆಸರಿದೆ, ಸೋಪಿಗೂ ಇದೆ. ಗಂಧದ ಮರವನ್ನು ಕಣ್ಣಾರೆ ನೋಡಿದವರು ನಮ್ಮ ಆಫೀಸಿನ ನಲವತ್ತು ಜನರ ಟೀಮಿನಲ್ಲಿ ಮೂವರೇ ಮೂವರು. ಊಟದ ಹೊತ್ತಲ್ಲಿ ಕೇಳಿ ಎಣಿಸಿದ್ದೇನೆ.

ಈ ಎಣಿಕೆ ಶುರುವಾಗಿದ್ದು ನಮ್ಮ ಮನೆಯ ಒಂದು ಪ್ರಶ್ನೆಯಿಂದ. ಸೊರಬ ತಾಲೂಕಿನ ನಮ್ಮೂರಲ್ಲಿ ಗದ್ದೆಯ ಮೇಲ್ಭಾಗಕ್ಕೆ ಒಂದೂವರೆ ಎಕರೆ ಹಕ್ಕಲು ಇದೆ. ಅಜ್ಜನ ಕಾಲದಲ್ಲಿ ದನ ಮೇಯುತ್ತಿದ್ದ ಜಾಗ. ಈಗ ದನ ಎರಡೇ. ಅಪ್ಪನಿಗೆ ಅರವತ್ತೆರಡು ವರ್ಷ, ಮಂಡಿನೋವು. “ಹಕ್ಕಲಿಗೆ ಏನಾರೂ ಹಾಕಣ, ನೀನೇ ಹೇಳು” ಅಂತ ಫೋನ್ ಮಾಡಿದರು. ಭಾವ ಅಕೇಶಿಯಾ ಹಾಕಿ ಅಂತಾರೆ: ನೆಟ್ಟು ಮರೆತರಾಯಿತು, ಏಳೆಂಟು ವರ್ಷಕ್ಕೆ ಲಾರಿ ಬಂದು ಕಡಿದುಕೊಂಡು ಹೋಗುತ್ತದೆ. ಊರಿನವರು ಅಡಿಕೆ ಅಂತಾರೆ, ಆದರೆ ಅಲ್ಲಿ ನೀರಿಲ್ಲ. ನನಗೆ ಬೆಂಗಳೂರಲ್ಲಿ ವಾರಕ್ಕೊಂದು ಸಲ ‘ಶ್ರೀಗಂಧದ ಫಾರ್ಮ್’ ಮಾರುವವರ ಫೋನ್. ಅವರ ಪ್ರಕಾರ ಹನ್ನೆರಡು ವರ್ಷದಲ್ಲಿ ನಾನು ಕೋಟ್ಯಧೀಶ.

ಮರದ ಬಗ್ಗೆ ಯಾರನ್ನು ಕೇಳಬೇಕು? ಮಾರುವವನನ್ನಂತೂ ಅಲ್ಲ. ಕೊನೆಗೆ, ಮರವನ್ನು ಕೈಯಲ್ಲಿ ಹಿಡಿದು ದಿನವಿಡೀ ನೋಡುವವರನ್ನೇ ಕೇಳೋಣ ಅನ್ನಿಸಿತು. ಹಾಗೆ ನಾಲ್ಕೈದು ವೀಕೆಂಡ್ ಕುಶಲಕರ್ಮಿಗಳ ಜಗಲಿಯ ಮೇಲೆ ಕೂತೆ. ಕೇಳಿದ್ದು ನಮ್ಮ ಹಕ್ಕಲಿನ ಬಗ್ಗೆ, ತಿಳಿದದ್ದು ಮಲೆನಾಡಿನ ಕಾಡಿನ ಜಮಾಖರ್ಚು.

ಅಂಗೈಗೆ ಇಳಿದ ಗಣಪತಿ

ಸಾಗರ, ಸೊರಬ, ಸಿರಸಿ ಕಡೆಯ ಗುಡಿಗಾರರ ಬಗ್ಗೆ ನಿಮಗೆ ಗೊತ್ತಿರಬಹುದು. ಗಂಧದ ಕೆತ್ತನೆ ಅಂದರೆ ಅವರೇ. ಆದರೆ ಅವರ ಕೈ ಗಂಧಕ್ಕೆ ಮಾತ್ರ ಮೀಸಲಲ್ಲ. ಮದುವೆಗೆ ಬೆಂಡಿನ ಬಾಸಿಂಗ ಮಾಡುವವರೂ ಅವರೇ, ಚೌತಿಗೆ ಮಣ್ಣಿನ ಗಣಪತಿ ಮಾಡುವವರೂ ಅವರೇ. ಕೆರೆಯ ಬೆಂಡು, ಗುಡ್ಡದ ಮರ, ಗದ್ದೆಯ ಮಣ್ಣು ಎಲ್ಲವೂ ಅವರ ಕೈಯಲ್ಲಿ ದೇವರಾಗುತ್ತವೆ. ಸುತ್ತಲಿನ ನೆಲ ಏನು ಕೊಡುತ್ತದೋ ಅದರಿಂದ ಬದುಕು ಕಟ್ಟಿಕೊಂಡ ಜನ.

ನಾನು ಹೋದ ಮನೆಯ ಹಿರಿಯರಿಗೆ ಎಪ್ಪತ್ತರ ಆಸುಪಾಸು. ಕಾಲಿನ ಬೆರಳಲ್ಲಿ ತುಂಡನ್ನು ಒತ್ತಿ ಹಿಡಿದು ಉಳಿ ಓಡಿಸುತ್ತಿದ್ದರು. ಕೆಳಗೆ ಬಿಳಿ ಪಂಚೆ ಹಾಸಿತ್ತು. ಯಾಕೆ ಅಂತ ಕೇಳಿದೆ. “ಹುಡಿ ಬೀಳತ್ತಲ್ಲ ತಮಾ, ಅದೂ ದುಡ್ಡೇಯ” ಅಂದರು. ಕೆತ್ತುವಾಗ ಉದುರುವ ಚಕ್ಕೆ, ಹುಡಿ ಎಲ್ಲವನ್ನೂ ಬಾಚಿ ತುಂಬಿಡುತ್ತಾರೆ. ಊದುಬತ್ತಿಯವರು ಬಂದು ತೂಕ ಹಾಕಿ ಒಯ್ಯುತ್ತಾರೆ. ಹೊರಗಿನ ಬಿಳಿ ಭಾಗಕ್ಕೆ ವಾಸನೆಯಿಲ್ಲ. ವಾಸನೆ, ಎಣ್ಣೆ, ಬೆಲೆ ಎಲ್ಲ ಇರುವುದು ಒಳಗಿನ ಕೆಚ್ಚಿನಲ್ಲಿ.

ಗೋಡೆಯ ಮೇಲೆ ಅವರ ಅಪ್ಪ ಮಾಡಿದ ಒಂದು ಪೆಟ್ಟಿಗೆಯ ಕಪ್ಪು-ಬಿಳುಪು ಫೋಟೋ ಇತ್ತು. ಮುಚ್ಚಳದ ತುಂಬ ಬಳ್ಳಿ, ಬಳ್ಳಿಯ ನಡುವೆ ನವಿಲು, ಆನೆ, ಬೇಟೆಗಾರ. ಒಂದೇ ಹಲಗೆ, ಮೊಳದಷ್ಟು ಅಗಲ. ಎದುರಿಗೆ ಈಗ ಕೆತ್ತುತ್ತಿದ್ದ ಗಂಧದ ಗಣಪತಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು.

“ಆವಾಗ ಯಾವ ದೇವ್ರು ಮಾಡಣ ಅಂತ ನೋಡಿ ತುಂಡು ತರ್ತಿದ್ರು. ಈಗ ತುಂಡು ನೋಡ್ಕಂಡು ಇದ್ರೊಳಗೆ ಯಾವ ದೇವ್ರು ಕೂರ್ತಾನೆ ಅಂತ ಲೆಕ್ಕ ಹಾಕ್ತೀವಿ.”

ಈ ಒಂದು ಮಾತಿನಲ್ಲಿ ಐವತ್ತು ವರ್ಷದ ಅರಣ್ಯದ ಚರಿತ್ರೆ ಇದೆ ಅನ್ನಿಸಿತು. ಯಾವ ಸ್ಯಾಟಲೈಟ್ ಚಿತ್ರವೂ ಬೇಡ. ಕೆತ್ತನೆಯ ಅಳತೆಯೇ ಹೇಳುತ್ತದೆ, ಕಾಡಿನಲ್ಲಿ ಎಂಥ ಮರ ಉಳಿದಿದೆ ಅಂತ. ದೊಡ್ಡ ಮೂರ್ತಿಗೆ ಈಗ ಅವರು ಬಳಸುವುದು ಶಿವನೆ ಮರ. ಉಳಿಗೆ ಮೆತ್ತಗೆ, ಬಿರುಕು ಕಡಿಮೆ. “ಗಂಧದಂಗೆ ಮಾತಾಡದಿಲ್ಲ, ಆದ್ರೆ ಜಗಳಾನೂ ಮಾಡದಿಲ್ಲ” ಅಂದರು.

ಗಂಧದ ಮರ ಇಷ್ಟು ಅಪರೂಪವಾದದ್ದು ಹೇಗೆ ಅಂದರೆ, ನಾವು ತಕ್ಷಣ ಹೇಳುವ ಹೆಸರು ಕಳ್ಳಸಾಗಣೆ. ಅದು ನಿಜ, ಆದರೆ ಅರ್ಧ ನಿಜ. ಟಿಪ್ಪುವಿನ ಕಾಲದಿಂದ ಗಂಧ ರಾಜಮರ. ಒಡೆಯರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ ಅದೇ ಮುಂದುವರಿಯಿತು. ನಿಮ್ಮ ಜಮೀನಿನಲ್ಲಿ, ನಿಮ್ಮ ಬೇಲಿಯ ಸಾಲಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಗಂಧವಾದರೂ ಮಾಲೀಕ ಸರ್ಕಾರ. ಕಾಯುವ ಹೊಣೆ ಮಾತ್ರ ನಿಮ್ಮದು. ಕಳುವಾದರೆ ಇಲಾಖೆಯ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರೂ ನೀವೇ. ಅಂದಮೇಲೆ ರೈತ ಏನು ಮಾಡುತ್ತಾನೆ? ಅಪ್ಪ ನಗುತ್ತಾ ಹೇಳಿದರು: “ನಿನ್ನಜ್ಜ ಕಳೆ ಕೀಳುವಾಗ ಗಂಧದ ಸಸಿ ಕಂಡ್ರೆ ಮೊದ್ಲು ಅದನ್ನೇ ಕೀಳ್ತಿದ್ದ.” ಮರವನ್ನು ಉಳಿಸಲೆಂದು ಮಾಡಿದ ಕಾನೂನು, ಸಸಿಯನ್ನು ಕೊಲ್ಲಿಸಿತು. ಸಾಫ್ಟ್‌ವೇರಿನಲ್ಲಿ ಇಂಥದ್ದನ್ನು ಬಗ್ ಅಂತೀವಿ. ಇದು ಎರಡು ಶತಮಾನ ಪ್ರೊಡಕ್ಷನ್ನಿನಲ್ಲೇ ಇತ್ತು.

ಇದರ ಜೊತೆಗೆ ರೋಗ ಬೇರೆ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗ: ಎಲೆ ಚಿಕ್ಕದಾಗುತ್ತಾ, ಗೆಣ್ಣು ಗಿಡ್ಡವಾಗುತ್ತಾ, ಮರ ಮುಳ್ಳಿನ ಪೊರಕೆಯಂತಾಗಿ ಸಾಯುತ್ತದೆ.

ಗಂಧ ಎಷ್ಟು ದುಡ್ಡಿನ ಮರವಾಗಿತ್ತು ಅನ್ನುವುದಕ್ಕೆ ಡಿಪೋದ ವರ್ಗೀಕರಣದ ಹೆಸರುಗಳನ್ನು ಕೇಳಿ. ಮೊದಲನೇ ದರ್ಜೆ ‘ವಿಲಾಯತ್ ಬುಧ್’, ಒಂದೊಂದು ತುಂಡೂ ಕನಿಷ್ಠ 9 ಕಿಲೋ ತೂಗಬೇಕು. ಎರಡನೆಯದು ‘ಚೀನಾ ಬುಧ್’. ಆಮೇಲೆ ‘ಪಂಜಂ’. ಕೆಳಗಿಳಿದಂತೆ ಬೇರು, ಚಕ್ಕೆ, ಹುಡಿಯವರೆಗೆ ದರ್ಜೆಗಳು. ಒಳ್ಳೆಯ ಮಾಲು ವಿಲಾಯತಿಗೆ, ಅದರ ನಂತರದ್ದು ಚೀನಾಕ್ಕೆ. ನಮ್ಮ ಗುಡಿಗಾರರ ಹೆಸರಿನಲ್ಲಿ ಒಂದು ದರ್ಜೆಯೂ ಇಲ್ಲ, ನೋಡಿ.

ಮೊದಲ ಮಹಾಯುದ್ಧದಲ್ಲಿ ಯುರೋಪಿನ ಸಾಗಣೆ ನಿಂತಿತು. ಮೈಸೂರಿನ ಗಂಧವನ್ನು ಭಟ್ಟಿ ಇಳಿಸುತ್ತಿದ್ದ ಜರ್ಮನಿ ಈಗ ಶತ್ರುದೇಶ. ಕೊರಡುಗಳು ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ 1916ರಲ್ಲಿ ಬೆಂಗಳೂರಿನಲ್ಲೇ ಎಣ್ಣೆ ತೆಗೆಯಲು ಶುರುವಾಯಿತು. ಅಲ್ಲಿಂದ ಮೈಸೂರ್ ಸ್ಯಾಂಡಲ್ ಸೋಪು. ಆನೆಯ ತಲೆ, ಸಿಂಹದ ಮೈಯ ಆ ಶರಭದ ಲಾಂಛನ ನಮ್ಮೆಲ್ಲರ ಬಚ್ಚಲಲ್ಲಿ ಬೆಳಿಗ್ಗೆ ಕಾಣುತ್ತಲ್ಲ, ಅದರ ಹಿಂದೆ ಒಂದು ಯುದ್ಧ ಇದೆ.

ಸಿನಿಮಾ ಹೇಳಿದ್ದು, ಹೇಳದೇ ಬಿಟ್ಟದ್ದು

ನಮ್ಮ ತಲೆಮಾರಿಗೆ ಕಾಡು ಅಂದರೆ ಮನಸ್ಸಿಗೆ ಬರುವ ಚಿತ್ರವನ್ನು ಬಿಡಿಸಿದ್ದು ಸಿನಿಮಾ. 1973ರ ‘ಗಂಧದ ಗುಡಿ’ಯಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿ. ಅಪ್ಪ ಆ ಸಿನಿಮಾವನ್ನು ಟೆಂಟಿನಲ್ಲಿ ಮೂರು ಸಲ ನೋಡಿದವರು. ಅದರಲ್ಲಿ ಕಾಡಿನ ಶತ್ರು ಕಳ್ಳಸಾಗಣೆದಾರ, ರಕ್ಷಕ ಖಾಕಿ ಹಾಕಿದ ಸರ್ಕಾರ. ಕಥೆಗೆ ಅದು ಬೇಕಿತ್ತು, ಒಪ್ಪೋಣ. ಆದರೆ ಅದೇ ಎಪ್ಪತ್ತರ ದಶಕದಲ್ಲಿ ಅರಣ್ಯ ಇಲಾಖೆಯೇ ಸಹಜ ಕಾಡನ್ನು ಬೋಳು ಕಡಿದು ತೇಗ, ನೀಲಗಿರಿ ನೆಡಿಸುತ್ತಿತ್ತು. ಅದು ಗುಟ್ಟಿನ ಕೆಲಸವಲ್ಲ, ರಾಜ್ಯದ ಆದಾಯ.

ಆಮೇಲಿನ ತಿರುವನ್ನು ಯಾವ ಚಿತ್ರಕಥೆಗಾರ ಬರೆದಿದ್ದರೂ ಜಾಸ್ತಿ ಆಯ್ತು ಅಂತ ಹೇಳಿರುತ್ತಿದ್ದೆವು. 2000ನೇ ಇಸವಿ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ವೀರಪ್ಪನ್, ಗಂಧದ ಕಳ್ಳಸಾಗಣೆಯಿಂದಲೇ ಬೆಳೆದವನು. 108 ದಿನ. ನಾನಾಗ ಪ್ರೈಮರಿ ಸ್ಕೂಲು. ಮನೆಯಲ್ಲಿ ರೇಡಿಯೋ ಆರಿಸಿದ್ದೇ ನೆನಪಿಲ್ಲ.

ಮರುವರ್ಷ, 2001ರಲ್ಲಿ, ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಜಮೀನಿನಲ್ಲಿ ಬೆಳೆದ ಗಂಧ ಜಮೀನಿನ ಯಜಮಾನನದ್ದೇ. ಕಡಿಯಲು ಅನುಮತಿ ಬೇಕು, ಮಾರಾಟಕ್ಕೂ ಕಟ್ಟುಪಾಡುಗಳಿವೆ, ಆದರೆ ಮರ ನಿಮ್ಮದು. ನನಗೆ ವಾರಕ್ಕೊಂದು ಸಲ ಬರುವ ಆ ಫೋನಿನ ಮೂಲ ಈ ತಿದ್ದುಪಡಿಯಲ್ಲಿದೆ.

ಆ ಕಂಪನಿಯ ಎಕ್ಸೆಲ್ ಶೀಟನ್ನು ತರಿಸಿಕೊಂಡು ಒಂದು ಸಂಜೆ ಬಿಡಿಸಿ ನೋಡಿದೆ. ಸಸಿ ಸಾಯುವ ಪ್ರಮಾಣ: ಸೊನ್ನೆ. ಕಳವು: ಸೊನ್ನೆ. ಹನ್ನೆರಡನೇ ವರ್ಷಕ್ಕೆ ಪ್ರತಿ ಮರದಲ್ಲೂ ತುಂಬು ಕೆಚ್ಚು. ಬೆಲೆ ಪ್ರತಿ ವರ್ಷ ಏರಿಕೆ, ಇಳಿಕೆಯ ಕಾಲಮ್ಮೇ ಇಲ್ಲ. ನಮ್ಮ ಮ್ಯಾನೇಜರ್ ಕೊಡುವ ಡೆಡ್‌ಲೈನ್ ಕೂಡ ಇಷ್ಟು ಆಶಾವಾದಿ ಅಲ್ಲ. ಅದನ್ನು ಫೋನಿನಲ್ಲೇ ಗುಡಿಗಾರ ಹಿರಿಯರಿಗೆ ಓದಿ ಹೇಳಿದೆ. ಅವರು ಜೋರಾಗಿ ನಕ್ಕರು. “ಹನ್ನೆರಡು ವರ್ಷದ ಗಂಧ ಅಂದ್ರೆ ಹಾಲುಹಲ್ಲು ತಮಾ. ಮೂವತ್ತು ಆಗ್ಲಿ, ಆಮೇಲೆ ಮಾತಾಡು.”

ಗಂಧ ಸ್ವಭಾವದಲ್ಲೇ ಒಂಟಿ ಬೆಳೆಯಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಹಿಡಿದುಕೊಂಡು ಪೋಷಣೆ ಹೀರುತ್ತದೆ. ಅರೆ ಪರಾವಲಂಬಿ. ಎಳೆಯದಿರುವಾಗ ಪಕ್ಕದಲ್ಲಿ ತೊಗರಿಯಂಥದ್ದು ಬೇಕು, ಬೆಳೆದ ಮೇಲೆ ಗಾಳಿಮರವೋ ಮತ್ತೊಂದೋ ದೊಡ್ಡ ಜೊತೆಗಾರ ಬೇಕು. ಕೆಚ್ಚು ಕಟ್ಟುವುದೇ ಹತ್ತು-ಹನ್ನೆರಡನೇ ವರ್ಷದಿಂದ ಶುರು. ಅಲ್ಲಿಂದ ಮುಂದೆ ರಾತ್ರಿ ಕಾವಲು. ಆಸ್ಟ್ರೇಲಿಯಾದ ಕುನುನುರಾ ಕಡೆ ಸಾವಿರಾರು ಎಕರೆಯಲ್ಲಿ ನಮ್ಮದೇ ಜಾತಿಯ ಗಂಧ ಬೆಳೆಸಿದ್ದಾರೆ. ನೀರು, ಯಂತ್ರ, ಹೂಡಿಕೆದಾರರು ಎಲ್ಲ ಇದ್ದೂ ಅಲ್ಲಿನ ದೊಡ್ಡ ಕಂಪನಿಯೊಂದು 2018ರಲ್ಲಿ ಸಾಲಗಾರರ ಪರ ನೇಮಕವಾದ ಆಡಳಿತಗಾರರ ಕೈಗೆ ಹೋಯಿತು. ಕಂಪನಿಯ ಫೋನ್ ನಂಬರನ್ನು ಬ್ಲಾಕ್ ಮಾಡಿದೆ.

ಹಲಸಿನ ಬಿಸಿಲು, ಬೀಟೆಯ ಇರುಳು

ಮೈಸೂರಿಗೆ ಹೋದದ್ದು ಇನ್‌ಲೇ ಕೆಲಸ ನೋಡಲು. ಬೀಟೆ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬೇರೆ ಮರದ ಎಲೆಯಷ್ಟು ತೆಳುವಾದ ಚೂರುಗಳನ್ನು ಕೂರಿಸಿ ಚಿತ್ರ ಮಾಡುತ್ತಾರಲ್ಲ, ಅದು. 2005ರಿಂದ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ.

ಬಣ್ಣ ಹಚ್ಚುವುದಿಲ್ಲ ಅನ್ನುವುದೇ ಅದರ ಸೊಗಸು. ಹಳದಿ ಬೇಕಾ, ಹಲಸು. ಕಡುಗಂದು ಬೇಕಾ, ಬೀಟೆ. ನಾನು ನೋಡಿದ ಹಲಗೆಯಲ್ಲಿ ಸಂಜೆಯ ಕಾಡು, ನೀರು ಕುಡಿಯಲು ಬಂದ ಆನೆಗಳ ಹಿಂಡು. ಬಿಸಿಲು ಬಿದ್ದ ಹುಲ್ಲು ಹಲಸಿನದು, ಹಿಂದಿನ ಕತ್ತಲೆ ಬೀಟೆಯದು. ಒಬ್ಬ ಹುಡುಗ, ನನ್ನಷ್ಟೇ ವಯಸ್ಸು, ಕೂದಲೆಳೆಯಂಥ ಗರಗಸದಲ್ಲಿ ಆನೆಯ ಬಾಲ ಕೊಯ್ಯುತ್ತಿದ್ದ. ಅವನ ಎದುರಿಗೆ ಹತ್ತು-ಹನ್ನೆರಡು ಡಬ್ಬಿಗಳಲ್ಲಿ ಚೂರುಗಳು. ಒಂದೊಂದು ಡಬ್ಬಿ ಒಂದೊಂದು ಮರ. “ಇದೇ ನಮ್ಮ ಪೇಂಟ್ ಬಾಕ್ಸು ಸರ್” ಅಂದ. ಸರ್ ಅನ್ನಬೇಡ ಮಾರಾಯ ಅಂದೆ, ಬಿಡಲಿಲ್ಲ.

ನೀಲಗಿರಿ ಮಾತ್ರ ಇರುವ ಗುಡ್ಡದಿಂದ ಈ ಡಬ್ಬಿಗಳು ತುಂಬುವುದಿಲ್ಲ. ಒಂದು ಕಾಡಿನಲ್ಲಿ ಎಷ್ಟು ಜಾತಿ ಇವೆಯೋ ಅಷ್ಟು ಬಣ್ಣ ಈ ಚಿತ್ರಕ್ಕೆ. ಒಂದು ಮರ ಕಾಣೆಯಾದರೆ ಒಂದು ಬಣ್ಣ ಕಾಣೆ. ಅದನ್ನು ಅವನು ದುಃಖದಿಂದೇನೂ ಹೇಳಲಿಲ್ಲ, ಸಪ್ಲೈ ಸಮಸ್ಯೆ ಅನ್ನುವ ಹಾಗೆ ಹೇಳಿದ.

ಮೊದಲು ಬಿಳಿಗೆ ಆನೆದಂತ ಬಳಸುತ್ತಿದ್ದರು. ಅರಮನೆಯ ಬೀಟೆಯ ಬಾಗಿಲುಗಳಲ್ಲಿ ಈಗಲೂ ನೋಡಬಹುದು. ದಂತ ನಿಷೇಧವಾಯಿತು, ಆಗಲೇಬೇಕಿತ್ತು. ಅದರ ಜಾಗಕ್ಕೆ ಪ್ಲಾಸ್ಟಿಕ್ಕು, ಬಿಳಿ ಮರ ಬಂದವು. 2017ರ ಜನವರಿಯಿಂದ ಬೀಟೆಗೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಬಂತು. ಕಾರಣ ದೂರದ್ದು: ಆಡಂಬರದ ಪೀಠೋಪಕರಣಕ್ಕಾಗಿ ಜಗತ್ತಿನ ಹಲವೆಡೆ ಈ ಕುಲದ ಮರಗಳನ್ನು ಲೂಟಿ ಮಾಡುತ್ತಿದ್ದರು. ಕಾಗದಪತ್ರದ ಹೊರೆ ಬಿದ್ದದ್ದು ಮಾತ್ರ ಅಂಗೈಯಗಲದ ಆನೆ ಮಾಡುವ ಈ ಹುಡುಗನ ಮೇಲೂ.

ಚನ್ನಪಟ್ಟಣದ ಕಥೆ ಇದಕ್ಕೆ ಹೋಲಿಸಿದರೆ ಹಗುರ, ಅಲ್ಲಿನ ಹಾಲೆ ಮರದ ಹಾಗೆಯೇ. ಬೆಳ್ಳಗೆ, ಮೆತ್ತಗೆ, ಕಡೆಯಲು ಸುಲಭ. ರಾಜಮರ ಆಗುವ ದುರದೃಷ್ಟ ಅದಕ್ಕೆ ಬರಲಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತದೆ, ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು. ಅರಗು ಕೂಡ ಮರದ ಮೇಲೆ ಬದುಕುವ ಹುಳು ಕೊಟ್ಟದ್ದೇ. ನಮ್ಮ ಕಾಲೇಜಿನ ಲೇತ್ ಲ್ಯಾಬಿನಲ್ಲಿ ಕಬ್ಬಿಣ ಕಡೆದು ಕೈ ಸುಟ್ಟುಕೊಂಡ ನನಗೆ, ಅಲ್ಲಿ ಅಜ್ಜಿಯೊಬ್ಬರು ಮಾತಾಡುತ್ತಲೇ ಬುಗುರಿ ತೆಗೆದದ್ದು ಮ್ಯಾಜಿಕ್ ಅನ್ನಿಸಿತು.

ಕೆತ್ತಲಾಗದ ಕಾಡು

ಇನ್ನು ಭಾವನ ಅಕೇಶಿಯಾಕ್ಕೆ ಬರೋಣ.

ಮರವಾಗಿ ಅದು ಕೆಟ್ಟದ್ದೇನಲ್ಲ. ಬಲಿತರೆ ಬಾಗಿಲು, ಮಂಚ ಮಾಡುತ್ತಾರೆ. ಆದರೆ ಮಲೆನಾಡಿನ ಗುಡ್ಡಗಳಿಗೆ ಅದು ಬಂದದ್ದು ಮಂಚಕ್ಕಲ್ಲ, ಪಲ್ಪ್‌ಗೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ ಶಿವಮೊಗ್ಗ ಸುತ್ತಿನ ಅರಣ್ಯಭೂಮಿಯನ್ನು ನಲವತ್ತು ವರ್ಷದ ಗುತ್ತಿಗೆಗೆ ಕೊಟ್ಟರು. ಕನ್ನಡದಲ್ಲಿ ಅಕ್ಷರ ಅಚ್ಚಾಗಲು ಕಾಗದ ಬೇಕಿತ್ತು, ಸಾವಿರಾರು ಮನೆಗಳಿಗೆ ಸಂಬಳ ಬೇಕಿತ್ತು. ಅದನ್ನು ಮರೆತು ಮಾತಾಡುವುದು ಸರಿಯಲ್ಲ. ಭದ್ರಾವತಿಯ ನನ್ನ ರೂಂಮೇಟ್ ಓದಿದ್ದೇ ಆ ಸಂಬಳದಲ್ಲಿ. ಆದರೆ 2015ರ ಸುಮಾರಿಗೆ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮತ್ತೆ ನಲವತ್ತು ವರ್ಷಕ್ಕೆ ವಿಸ್ತರಿಸಿದರು. ಕಾಗದವಿಲ್ಲ, ಕಾಗದದ ತೋಪು ಇದೆ. ‘ನಮ್ಮೂರಿಗೆ ಅಕೇಶಿಯಾ ಬೇಡ’ ಅಂತ ಮಲೆನಾಡಿನವರು ಬೀದಿಗಿಳಿದದ್ದು ಆಗಲೇ.

ಬಿದಿರಿನ ಲೆಕ್ಕ ಇನ್ನೂ ಕಟುವಾದದ್ದು. ದಾಂಡೇಲಿಯ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಟನ್ನಿಗೆ 1 ರೂಪಾಯಿ 50 ಪೈಸೆಯಂತೆ ಸಿಗುತ್ತಿತ್ತು. ಆ ಕಾಡುಗಳನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳ್ ಇದನ್ನು ಬರೆದಿದ್ದಾರೆ. ಬುಟ್ಟಿ, ಮೊರ ನೇಯುವ ಮೇದಾರರು ಮಾರುಕಟ್ಟೆಯಲ್ಲಿ ಕೊಡುತ್ತಿದ್ದ ಬೆಲೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಒಂದೇ ಕಾಡು, ಒಂದೇ ಬಿದಿರು, ಎರಡು ತಕ್ಕಡಿ.

ನಮ್ಮ ಹಾನಗಲ್ ಕಡೆಯ ನೆಂಟರು ಈಗಲೂ ಹೇಳುವ ಇನ್ನೊಂದು ಕಥೆಯಿದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನುವ ಕಂಪನಿ ಮಾಡಿದವು. ರೇಯಾನ್ ಬಟ್ಟೆಯ ನಾರಿಗೆ ಪಲ್ಪು, ಪಲ್ಪಿಗೆ ನೀಲಗಿರಿ, ನೀಲಗಿರಿಗೆ ಸುಮಾರು 30,000 ಹೆಕ್ಟೇರ್ ಜಾಗ. ಕಡತದಲ್ಲಿ ಅದು ಪಾಳುಭೂಮಿ. ಊರಿನವರಿಗೆ ದನದ ಹುಲ್ಲು, ಸೌದೆ, ನೇಗಿಲ ಮರ ಎಲ್ಲ ಅಲ್ಲೇ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಅಂತಲೇ ಆ ಸತ್ಯಾಗ್ರಹದ ಹೆಸರು. ಸಮಾಜ ಪರಿವರ್ತನ ಸಮುದಾಯದ ಜೊತೆ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರು ಶಿವರಾಮ ಕಾರಂತರು, ಆಗ ಅವರಿಗೆ ಎಂಬತ್ತೈದರ ಆಸುಪಾಸು. ‘ಬೆಟ್ಟದ ಜೀವ’ದಲ್ಲಿ ಕಾಡು ಕಡಿದು ತೋಟ ಮಾಡುವ ಗೋಪಾಲಯ್ಯನನ್ನು ಅಷ್ಟು ಪ್ರೀತಿಯಿಂದ ಬರೆದವರು, ಕಾಡಿನ ಪರ ಕೋರ್ಟಿಗೆ ಹೋದರು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಗೋಪಾಲಯ್ಯ ತನ್ನ ಮರದ ಕೆಳಗೆ ತಾನೇ ಬದುಕುತ್ತಾನೆ. 1991ರಲ್ಲಿ ಆ ಕಂಪನಿ ಮುಚ್ಚಿತು.

ಸಿರಸಿಯ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಶುರುವಾದ ಅಪ್ಪಿಕೊ ಚಳವಳಿಯೂ ಊರೂರಿಗೆ ಹೋದದ್ದು ಬರೀ ಭಾಷಣದಿಂದಲ್ಲ. ಯಕ್ಷಗಾನ, ಬೀದಿನಾಟಕ, ಸ್ಲೈಡ್ ಶೋ ಅದರ ಜೊತೆಗಿದ್ದವು. ರಾತ್ರಿಯಿಡೀ ಆಟ ನೋಡುವ ಊರಿಗೆ ವಿಷಯ ಮುಟ್ಟಿಸಲು ಚಂಡೆಗಿಂತ ದೊಡ್ಡ ಮೈಕು ಯಾವುದಿದೆ?

ಇಷ್ಟೆಲ್ಲ ಕೇಳಿಸಿಕೊಂಡು ಅಪ್ಪ ಕೇಳಿದ್ದು ಒಂದೇ: “ಅದೆಲ್ಲ ಸರಿ, ಹಕ್ಕಲಿಗೆ ಏನು?”

ಭಾವನ ಜೊತೆ ಜಗಳವೇನೂ ಆಗಲಿಲ್ಲ. ಅವನ ಲೆಕ್ಕ ಅವನಿಗೆ ಸರಿ. ಮಗಳ ಕಾಲೇಜು ಫೀಸಿಗೆ ಏಳು ವರ್ಷದ ಮರವೇ ಬೇಕು, ಮೂವತ್ತು ವರ್ಷದ್ದಲ್ಲ. ನನಗೆ ಸಂಬಳ ಬರುತ್ತದೆ, ಕಾಯಬಲ್ಲೆ. ಕಾಯುವ ತಾಕತ್ತಿದ್ದವನಿಗೆ ಒಂದು ಕಾಡು, ಇಲ್ಲದವನಿಗೆ ಇನ್ನೊಂದು. ಈ ಮಾತನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಹಕ್ಕಲಿನ ರಸ್ತೆಬದಿಯ ಕಾಲು ಎಕರೆ ಅವನ ಅಕೇಶಿಯಾಕ್ಕೆ ಅಂತ ಅಪ್ಪ ತಾವೇ ತೀರ್ಮಾನ ಮಾಡಿದರು. ಉಳಿದದ್ದಕ್ಕೆ ಹಲಸು, ಶಿವನೆ, ನೆಲ್ಲಿ, ಎರಡು ಬೀಟೆ. ಮನೆಯಿಂದ ನಾಯಿ ಬೊಗಳಿದರೆ ಕೇಳಿಸುವಷ್ಟು ದೂರದಲ್ಲಿ, ತೊಗರಿಯ ನಡುವೆ, ಹತ್ತು ಗಂಧ.

ಗುಡಿಗಾರ ಹಿರಿಯರಿಗೆ ಫೋನ್ ಮಾಡಿ ಪಟ್ಟಿ ಓದಿದೆ. ಶಿವನೆ ಅಂದಾಗ ಹೂಂ ಅಂದರು. ಗಂಧ ಹತ್ತು ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮೊಮ್ಮಗ ಹೈದ್ರಾಬಾದಲ್ಲಿ ಕಂಪ್ಯೂಟರ್ ಕಲೀತಿದಾನೆ” ಅಂದರು. ಮಳೆ ಹಿಡಿಯುವ ಮೊದಲೇ ಅಪ್ಪ ಗುಂಡಿ ತೆಗೆಸಿದ್ದಾರೆ. ಮೂವತ್ತೆಂಟು ಗುಂಡಿ, ಎಣಿಸಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಾರೆ.